ಹತ್ತೊಂಬತ್ತು ಹಲ್ಲಿನ ಚಕ್ರ

“ಇನ್ನೆರಡು ಹಲ್ಲು ಇದ್ದಿದ್ರೆ ದಾಟಿಬಿಡ್ತಿದ್ನೇನೋ?”

ಇಸ್ಸಾತ್ ಅಣ್ಣ ಕೇಳಿದ್ದು ನನ್ನನ್ನಲ್ಲ. ಕಾಫಿಯ ಕೆಟಲ್ ಹಿಡಿದು ನಾನು ಶೆಡ್ಡಿನ ಬಾಗಿಲಲ್ಲಿ ನಿಂತದ್ದೇ ಅವನಿಗೆ ತಿಳಿದಿರಲಿಲ್ಲ. ಅವನ ಅಂಗೈಯಲ್ಲಿ ಒಂದು ಉಕ್ಕಿನ ಹಲ್ಲುಚಕ್ರ ಇತ್ತು. ಒರೆಸಿ ಒರೆಸಿ ಅದು ಚರ್ಚಿನ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಎದುರಿಗೆ, ಮರದ ದಿಮ್ಮಿಗಳ ಮೇಲೆ, ಮಿಹ್ಕಲ್‌ನ ಇಂಜಿನ್ ಹಿಮಗಾಡಿ, ಸರೋವರದಿಂದ ಎತ್ತಿ ತಂದದ್ದು, ಪಕ್ಕೆಯ ಮುಚ್ಚಳ ತೆರೆದುಕೊಂಡು ನಿಂತಿತ್ತು.

ಮಿಹ್ಕಲ್ ನನ್ನಣ್ಣನ ಒಬ್ಬನೇ ಮಗ. ಚರ್ಚಿನ ಅಂಗಳದ ಹೆಪ್ಪುಗಟ್ಟಿದ ನೆಲಕ್ಕೆ ಬೆಂಕಿ ಹಾಕಿ ಮೆತ್ತಗೆ ಮಾಡಿ, ಅಗೆದು, ಅವನನ್ನು ಮಣ್ಣು ಮಾಡಿ ಇನ್ನೂ ತಿಂಗಳು ತುಂಬಿರಲಿಲ್ಲ.

ಚೊಲ್ಮೆ ಸರೋವರ ನಡುವಿನಲ್ಲಿ ಸೊಂಟದಂತೆ ಸಣ್ಣಗಾಗುತ್ತದೆ. ಅಲ್ಲಿ ಅಡಿಯ ನೀರು ಚಳಿಗಾಲವಿಡೀ ಹರಿಯುತ್ತಲೇ ಇರುವುದರಿಂದ ಮೇಲಿನ ಮಂಜುಗಡ್ಡೆ ಎಂದೂ ಗಟ್ಟಿಯಾಗುವುದಿಲ್ಲ. ವಸಂತ ಹತ್ತಿರ ಬಂತೆಂದರೆ ಒಂದು ಪಟ್ಟೆಯಷ್ಟು ನೀರು ಬಾಯಿ ತೆರೆಯುತ್ತದೆ. ನಮ್ಮ ಕಡೆಯ ಗಂಡಸರು ಅದನ್ನು ದಾಟುವುದು ವೇಗದಿಂದ. ದೂರದಿಂದಲೇ ಗಾಡಿಯನ್ನು ಪೂರ್ತಿ ವೇಗದಲ್ಲಿ ಬಿಟ್ಟರೆ ಅದು ನೀರಿನ ಮೇಲೆ ಚಪ್ಪಟೆ ಕಲ್ಲು ಜಾರಿದ ಹಾಗೆ ಜಾರಿ ಆಚೆ ದಡ ಹತ್ತುತ್ತದೆ. ವೇಗ ಸಾಲದಿದ್ದರೆ ಮುಳುಗುತ್ತದೆ. ಮೀಸೆ ಮೂಡುವ ಮೊದಲಿನಿಂದಲೂ ಮಿಹ್ಕಲ್ ಹಾಗೆ ದಾಟಿದವನು. ಈ ಸಲ ದಾಟಲಿಲ್ಲ.

ಹಿಂದಿನ ಗಾಡಿಯಲ್ಲಿ ಬರುತ್ತಿದ್ದವನು ಯೊವ್ನಾ, ನಮ್ಮ ಚಿಕ್ಕಪ್ಪನ ಮಗ. ನಮ್ಮ ಹಿಮಸಾರಂಗಗಳೂ ಅವನವೂ ಒಂದೇ ಹಿಂಡಿನಲ್ಲಿ ಮೇಯುತ್ತವೆ. ಅವತ್ತು ಅವನು ಮನೆಗೆ ಬಂದು ಗೋಡೆಗೆ ಒರಗಿ ನಿಂತು, “ಇಂಜಿನ್ ಕಿರುಚ್ತಾನೇ ಇತ್ತು, ಆದ್ರೆ ಗಾಡಿಗೆ ಓಟ ಬರ್ಲಿಲ್ಲ,” ಎಂದ. ಆಮೇಲೆ ಅಣ್ಣನ ಮುಖ ನೋಡಿ, “ನನಗೆ ಸರಿಯಾಗಿ ಕಾಣ್ಲಿಲ್ಲ ಬಿಡು, ಬಿಸಿಲು ಕಣ್ಣಿಗೆ ಹೊಡೀತಿತ್ತು,” ಎಂದ. ಅವತ್ತು ಬಿಸಿಲಿರಲಿಲ್ಲ. ಅದು ಅಣ್ಣನಿಗೂ ಗೊತ್ತಿತ್ತು.

ನಮ್ಮ ಅಜ್ಜಿಗೆ ಓದು ಬರುತ್ತಿರಲಿಲ್ಲ, ಪದ್ಯ ಬರುತ್ತಿತ್ತು. ತೊಗಲು ಹದ ಮಾಡುವಾಗ, ಒಲೆಗೆ ಕಟ್ಟಿಗೆ ಒಟ್ಟುವಾಗ ಅವಳು ರಾಗವಿಲ್ಲದೆ ಹೇಳುತ್ತಿದ್ದ ಸಾಲುಗಳನ್ನು ಕೇಳಿಯೇ ನಾನೂ ಅಣ್ಣನೂ ಬೆಳೆದದ್ದು. ಆಚೆ ದಡದಲ್ಲಿ ಯಾರ ಬಟ್ಟೆಯೂ ಒದ್ದೆಯಿಲ್ಲ ಎಂಬುದು ಅದರಲ್ಲೊಂದು. ಮಿಹ್ಕಲ್‌ನ ಬಟ್ಟೆಗಳನ್ನು ಒಲೆಯ ಮೇಲಿನ ಕೋಲಿಗೆ ಹಾಕಿದಾಗ ಅವು ಹಲಗೆಯಂತೆ ಸೆಟೆದಿದ್ದವು. ಅವು ಮೆತ್ತಗಾಗಿ ತೊಟ್ಟಿಕ್ಕುವವರೆಗೂ ನಾನು ಆ ಸಾಲನ್ನೇ ಹೇಳಿಕೊಳ್ಳುತ್ತ ಕೂತಿದ್ದೆ.

ಅಣ್ಣ ಹಲ್ಲಿನ ಲೆಕ್ಕಕ್ಕೆ ಬಿದ್ದದ್ದು ಏಕೆಂದು ಹೇಳಬೇಕು.

ಈ ಚಳಿಗಾಲ ಬಿದ್ದಷ್ಟು ಹಿಮವನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಬರ್ಚ್ ಮರಗಳು ಕೊರಳವರೆಗೆ ಹೂತುಹೋಗಿದ್ದವು. ಗಾಡಿಯ ಅಡಿಯಲ್ಲಿ ಸುತ್ತುವ ರಬ್ಬರ್ ಪಟ್ಟಿ ಇದೆಯಲ್ಲ, ಅದರ ಮೈಮೇಲೆ ಸಾಲಾಗಿ ಉಬ್ಬುಗಳಿರುತ್ತವೆ. ಹಿಮವನ್ನು ಹಿಂದಕ್ಕೆ ತಳ್ಳುವುದು ಅವೇ. ಮಿಹ್ಕಲ್‌ನ ಹಳೆಯ ಪಟ್ಟಿಯ ಉಬ್ಬುಗಳು ಒಂದು ಬೆರಳಿನಷ್ಟು ಎತ್ತರ. ಗಟ್ಟಿ ನೆಲದಲ್ಲಿ ಅವು ಚೆನ್ನ. ಈ ಮೆತ್ತನೆಯ ಹಿಮದಲ್ಲಿ ಗಾಡಿ ನಿಂತಲ್ಲೇ ಸುತ್ತುತ್ತಿತ್ತು. ಆದ್ದರಿಂದ ಅವನು ಮೂರು ಬೆರಳೆತ್ತರದ ಉಬ್ಬಿನ ಹೊಸ ಪಟ್ಟಿ ತರಿಸಿದ.

ಅದನ್ನು ಹಾಕಿದ ದಿನ ನಾನೂ ಶೆಡ್ಡಿನಲ್ಲಿದ್ದೆ. ಅಣ್ಣ ಹೊಸ ಪಟ್ಟಿಯ ಉಬ್ಬುಗಳನ್ನು ಬೆರಳಿನಿಂದ ಬಗ್ಗಿಸಿ ನೋಡಿ, “ಇದು ಹಿಮಾನ ಹಿಡಿ ಹಿಡಿಯಾಗಿ ಬಾಚುತ್ತೆ ಕಣೋ. ಬಾಚಿದ್ದನ್ನೆಲ್ಲ ಇಂಜಿನ್ ಎಳೀಬೇಕಲ್ಲ. ಗೇರು ಹಳೇದೇ ಇಟ್ರೆ ಒಳಗಿನ ಇಂಜಿನ್ ಬೆಲ್ಟು ಜಾರಿ ಸುಟ್ಟುಹೋಗುತ್ತೆ. ಮೇಲಿನ ಚಕ್ರ ಇಪ್ಪತ್ತೊಂದು ಹಲ್ಲಿಂದು ತೆಗೆದು ಹತ್ತೊಂಬತ್ತರದ್ದು ಹಾಕ್ತೀನಿ,” ಎಂದ.

“ಹಾಕಿದ್ರೆ ಏನಾಗುತ್ತೆ?” ಮಿಹ್ಕಲ್ ಕೇಳಿದ.

“ಓಟ ಕಮ್ಮಿ, ಶಕ್ತಿ ಜಾಸ್ತಿ. ನಡಿಗೆ ವೇಗದಲ್ಲೂ ಪಟ್ಟಿ ಒಂದೇ ಸಮ ಸುತ್ತುತ್ತೆ, ಹಿಮ ತೋಡಲ್ಲ, ಒತ್ತುತ್ತೆ. ನೀನು ತೋಡ್ಕೊಂಡು ಹೋದ್ರೆ ಹಿಂದೆ ಬರೋ ಬಸುರಿ ಹೆಣ್ಣು ಸಾರಂಗಗಳು ಎಲ್ಲಿ ಕಾಲಿಡ್ಬೇಕು? ದಾರಿ ಮಾಡೋದು ನಿನಗಲ್ಲ, ಅವಕ್ಕೆ.”

ಮಿಹ್ಕಲ್ ನಕ್ಕ. “ಅಪ್ಪಾ, ನಿನ್ನ ಗೇರಲ್ಲಿ ಮದುವೆ ಊಟಕ್ಕೆ ಹೊರಟೋನು ಮಗೂಗೆ ಹೆಸರಿಡೋ ಹೊತ್ತಿಗೆ ತಲುಪ್ತಾನೆ.”

“ತಲುಪ್ತಾನಲ್ಲ, ಸಾಕು.”

“ಚೊಲ್ಮೆಯಲ್ಲಿ ನೀರು ಬಿಟ್ಟಾಗ?”

“ಸುತ್ತಿ ಹೋಗು. ಉತ್ತರದ ತುದಿ ಹತ್ರ ಮಂಜು ಗಟ್ಟಿ ಇರುತ್ತೆ.”

“ಅರ್ಧ ದಿನದ ಸುತ್ತು ಅದು.” ಮಿಹ್ಕಲ್ ಸ್ಪ್ಯಾನರನ್ನು ಕೈಯಲ್ಲಿ ತಿರುಗಿಸಿದ. “ಆಯ್ತು, ಸುತ್ತಿ ಹೋಗ್ತೀನಿ. ಹಾಕು.”

ಚಳಿಗಾಲವೆಲ್ಲ ಅವನ ಗಾಡಿ ಮೆತ್ತಗೆ, ಆಕಳಿಸುವ ಮುದುಕನ ಹಾಗೆ, ಎಲ್ಲರಿಗೂ ದಾರಿ ಒತ್ತಿಕೊಟ್ಟಿತು. ಸತ್ತ ದಿನ ಅವನು ಆಚೆ ದಡದಲ್ಲಿ ಉಳಿದಿದ್ದ ನಾಲ್ಕಾರು ಸಾರಂಗಗಳನ್ನು ಹುಡುಕಲು ಹೋಗಿದ್ದ. ಬರುವಾಗ ಸುತ್ತಿ ಬರಲಿಲ್ಲ.

ನಮ್ಮ ಪ್ರಾರ್ಥನೆಯ ಮನೆಯಲ್ಲಿ ಒಂದು ನಡವಳಿಕೆ ಇದೆ. ಮನಸ್ಸಿಗೆ ಭಾರವಾದವನು ಎದ್ದು ಇನ್ನೊಬ್ಬರ ಬಳಿಗೆ ಹೋಗುತ್ತಾನೆ, ತನ್ನ ತಪ್ಪನ್ನು ಹೇಳಿಕೊಳ್ಳುತ್ತಾನೆ, ಕ್ಷಮೆ ಇದೆಯೇ ಎಂದು ಕೇಳುತ್ತಾನೆ. ಆ ಇನ್ನೊಬ್ಬರು ಅವನ ಕೊರಳು ತಬ್ಬಿ, ಯೇಸುವಿನ ಹೆಸರಿನಲ್ಲಿ ನಿನ್ನ ಪಾಪ ಕ್ಷಮಿಸಲ್ಪಟ್ಟಿದೆ, ನಂಬು ಎಂದು ಹೇಳುತ್ತಾರೆ. ಹೇಳುವವರು ಬೋಧಕರೇ ಆಗಬೇಕಿಲ್ಲ. ಹೆಂಗಸಾದರೂ ಸರಿ, ಎದುರು ಬೆಂಚಿನ ಜಗಳಗಂಟನಾದರೂ ಸರಿ. ಈಸ್ಟರಿನ ಕೂಟದಲ್ಲಿ ಅಣ್ಣ ಯೊವ್ನಾನ ಬಳಿಗೆ ಹೋದ. ಯೊವ್ನಾ ಅವನನ್ನು ತಬ್ಬಿ, ಅತ್ತು, ಆ ಮಾತು ಹೇಳಿದ. ಬೋಧಕರೂ ಹೇಳಿದರು. ಅಣ್ಣ ತಲೆಯಾಡಿಸಿ ಬಂದು ನನ್ನ ಪಕ್ಕ ಕುಳಿತ. ಮನೆಗೆ ಬರುವ ದಾರಿಯಲ್ಲಿ ಮಾತ್ರ, “ಸುನ್ನಾ, ಇವರೆಲ್ಲ ಹೇಳಿ ಏನು ಬಂತು? ಅವಳು ಹೇಳ್ಬೇಕು,” ಎಂದ.

ಅವಳು ಎಂದರೆ ಗಾರೆನ್, ಮಿಹ್ಕಲ್‌ನ ಹೆಂಡತಿ. ಅವಳು ಕೂಟದಲ್ಲಿ ಹಿಂದಿನ ಬೆಂಚಿನಲ್ಲಿ ಶಾಲಿನ ಬೆಳ್ಳಿ ಪದಕವನ್ನು ಹಿಡಿದು ಕೂತಿದ್ದಳು. ಅವಳ ಬಳಿಗೆ ಹೋಗುವ ಧೈರ್ಯ ಅಣ್ಣನಿಗೆ ಬಂದಿರಲಿಲ್ಲ.

ಶೆಡ್ಡಿನ ಬಾಗಿಲಲ್ಲಿ ನಾನು ಕೆಟಲನ್ನು ಕೆಳಗಿಟ್ಟೆ. ಸದ್ದಿಗೆ ಅಣ್ಣ ಬೆಚ್ಚಿ ಚಕ್ರವನ್ನು ಮುಚ್ಚಿ ಹಿಡಿದುಕೊಂಡ. ಅಷ್ಟರಲ್ಲಿ ಗಾರೆನ್ ಬೂಟಿನ ಹಿಮವನ್ನು ಹೊಸ್ತಿಲಿಗೆ ಕುಟ್ಟುತ್ತ ಒಳಗೆ ಬಂದಳು.

“ದೇವರ ಶಾಂತಿ, ಅತ್ತೆ. ಮಾವ, ಗಾಡಿ ಯಾವಾಗ ಆಗುತ್ತೆ? ಹೆಣ್ಣುಗಳು ಉತ್ತರಕ್ಕೆ ಮುಖ ತಿರುಗಿಸಿ ನಿಂತುಬಿಟ್ಟಿವೆ. ನಾವು ಹೊರಡದಿದ್ರೆ ಅವೇ ಹೊರಡ್ತವೆ.”

ಪ್ರತಿ ವರ್ಷ ಈ ಹೊತ್ತಿಗೆ ಹಿಂಡು ಕಡಲ ಕಡೆಗೆ, ಕರು ಹಾಕುವ ನೆಲಕ್ಕೆ ಹೋಗಬೇಕು. ಮುಂದೆ ದಾರಿ ಒತ್ತುತ್ತಿದ್ದವನು ಮಿಹ್ಕಲ್. ಈ ಸಲ ಅವನ ಗಾಡಿಯಲ್ಲಿ ಮುಂದೆ ಹೋಗುವವಳು ತಾನೇ ಎಂದು ಗಾರೆನ್ ಯಾರನ್ನೂ ಕೇಳದೆ ತೀರ್ಮಾನಿಸಿದ್ದಳು. ಬೇರೆ ದಾರಿಯೂ ಇರಲಿಲ್ಲ. ಅಷ್ಟು ಹಿಮಕ್ಕೆ ಆ ಎತ್ತರದ ಉಬ್ಬಿನ ಪಟ್ಟಿ ಇದ್ದದ್ದು ಆ ಒಂದೇ ಗಾಡಿಗೆ.

“ಇಂಜಿನ್ ಒಣಗಿದೆ,” ಎಂದ ಅಣ್ಣ. “ನಾಡಿದ್ದು ಶುರು ಮಾಡಿ ತೋರಿಸ್ತೀನಿ. ಗಾರೆನ್, ಹಳೇ ಚಕ್ರ ಹಾಕ್ಲಾ? ಇಪ್ಪತ್ತೊಂದರದ್ದು?”

“ಯಾಕೆ?”

“ದಾರೀಲಿ ನದಿ ಇದೆಯಲ್ಲ. ನೀರು ಬಿಟ್ಟಿದ್ರೆ ಓಟ ಬೇಕಾಗುತ್ತೆ.”

“ನೀರು ಬಿಟ್ಟಿದ್ರೆ ನಾನು ದಾಟಲ್ಲ. ಬರ್ಚ್ ಕಣಿವೇಲಿ ಎಷ್ಟು ಹಿಮ ಇದೆ ಗೊತ್ತಲ್ಲ ನಿಮಗೆ. ಈ ಪಟ್ಟಿಗೆ ಹಳೇ ಚಕ್ರ ಹಾಕಿದ್ರೆ ಬೆಲ್ಟು ಸುಡುತ್ತೆ ಅಂತ ನೀವೇ ತಾನೇ ಹೇಳಿದ್ದು. ಹತ್ತೊಂಬತ್ತೇ ಇರ್ಲಿ ಮಾವ.”

“ಆಯ್ತು,” ಎಂದ ಅಣ್ಣ.

ಅವಳು ನಿಂತೇ ಒಂದು ಲೋಟ ಕಾಫಿ ಕುಡಿದಳು. ನಮ್ಮ ರೂಢಿಯಂತೆ ಕಾಫಿಗೆ ಹಾಕಿದ್ದ ಒಣಮಾಂಸದ ಚೂರನ್ನು ಲೋಟದ ತಳದಿಂದ ಬೆರಳಿನಿಂದ ತೆಗೆದು ಬಾಯಿಗೆ ಹಾಕಿಕೊಂಡು ಹೋದಳು. ಗಾಡಿಯನ್ನು ಒಮ್ಮೆಯೂ ಮುಟ್ಟಲಿಲ್ಲ. ಅವಳು ಹೋದ ಮೇಲೂ ಅಣ್ಣ ಬಾಗಿಲನ್ನೇ ನೋಡುತ್ತಿದ್ದ.

ನಾವು ಹೊರಟ ಬೆಳಿಗ್ಗೆ ಗಾಳಿ ಇರಲಿಲ್ಲ. ಗಾರೆನ್ ಮುಂದೆ. ಅವಳ ಗಾಡಿಯ ಹಿಂದೆ ಹಗ್ಗದಲ್ಲಿ ಪಳಗಿದ ಹೋರಿಸಾರಂಗ, ಕೊರಳಲ್ಲಿ ಗಂಟೆ. ಗಂಟೆಯ ಸದ್ದು ಕೇಳುತ್ತ ಹೆಣ್ಣುಗಳು, ಹೊಟ್ಟೆ ಇಳಿಬಿದ್ದವು, ಒಂದರ ಹಿಂದೆ ಒಂದು. ಪಕ್ಕದಲ್ಲಿ ಅಣ್ಣನ ಹಳೆಯ ಗಾಡಿ, ಅದರ ಜಾರುಬಂಡಿಯಲ್ಲಿ ಗುಡಾರದ ಕೋಲುಗಳು, ಪಾತ್ರೆಗಳು, ತುಪ್ಪಳದ ಮೇಲೆ ನಾನು. ಕೊನೆಗೆ ನಾಯಿಗಳೊಂದಿಗೆ ಯೊವ್ನಾ. ಅಣ್ಣನ ಕೋಟಿನ ಎದೆಯ ಬಳಿ ಏನೋ ದುಂಡಗೆ ಉಬ್ಬಿಕೊಂಡಿತ್ತು. ಬಿಡಿ ಚಕ್ರ ಇಟ್ಟುಕೊಂಡಿದ್ದಾನೆ ಎಂದುಕೊಂಡೆ. ದಾರಿಯುದ್ದಕ್ಕೂ ಆಗಾಗ ಅವನ ಕೈ ಅಲ್ಲಿಗೆ ಹೋಗುತ್ತಿತ್ತು.

ಗಟ್ಟಿ ಬಯಲಿನಲ್ಲಿ ಗಾರೆನಳ ಗಾಡಿ ಲಘುವಾಗಿ ಓಡಿತು. ಎರಡು ಸಲ ಅವಳು ತಿರುಗಿ ನೋಡಿ ವೇಗ ತಗ್ಗಿಸಿದಳು, ಹಿಂಡು ಹಿಂದುಳಿದಿತ್ತು. ಊಟದ ಹೊತ್ತಿಗೆ ಯೊವ್ನಾ ಮುಂದೆ ಬಂದು, “ಏನಮ್ಮಾ, ಮಾವನ ಗೇರು ಇವತ್ತು ಹುಡುಗನಾಗಿಬಿಟ್ಟಿದೆ?” ಎಂದು ಕೇಳಿದ. ಅವಳು ಭುಜ ಕುಣಿಸಿದಳು. ಅಣ್ಣ ಮೂಳೆಯನ್ನು ಒಡೆದು ನೆಣ ಹೀರುವುದರಲ್ಲಿ ಮುಳುಗಿದವನಂತೆ ಕೂತಿದ್ದ.

ಬರ್ಚ್ ಕಣಿವೆ ಹೊಕ್ಕ ಮೇಲೆ ಎಲ್ಲ ಬದಲಾಯಿತು. ಅಲ್ಲಿ ಗಾಳಿ ಬೀಸುವುದಿಲ್ಲ, ಬಿದ್ದ ಹಿಮ ಬಿದ್ದ ಹಾಗೆಯೇ ಇರುತ್ತದೆ. ಗಾರೆನ್ ನಡಿಗೆಯ ವೇಗಕ್ಕೆ ಇಳಿದಳು. ಆಗ ಗಾಡಿ ಮುಂದೆ ಹೋಗಲು ಒಲ್ಲೆ ಎಂದಿತು. ಅವಳು ಸ್ವಲ್ಪ ಹೆಚ್ಚು ಕೊಟ್ಟಳು. ಇಂಜಿನ್ ಏದುಸಿರು ಬಿಟ್ಟಿತು, ಎಗರಿತು, ಪಟ್ಟಿ ಒಮ್ಮೆಲೆ ಗಿರ್ರನೆ ಸುತ್ತಿ ಹಿಮವನ್ನು ಹಿಂದಕ್ಕೆ ತೂರಿತು. ಮತ್ತೆ ನಿಂತಿತು. ಮತ್ತೆ ಎಗರಿತು. ಹಿಂದೆ ಉಳಿದದ್ದು ದಾರಿಯಲ್ಲ, ಸಡಿಲ ಹಿಮ ತುಂಬಿದ ಕಾಲುವೆ. ಗಂಟೆಯ ಹೋರಿ ಎದೆಮಟ್ಟ ಹೂತುಕೊಂಡು ಮೂತಿ ಮೇಲೆತ್ತಿತು. ಅದರ ಹಿಂದಿನ ಹೆಣ್ಣೊಂದು ಹೊಟ್ಟೆಯ ಮೇಲೆ ಕುಸಿದು, ನಾಲಿಗೆ ಹೊರಹಾಕಿ ಮಲಗಿಬಿಟ್ಟಿತು. ಸುಟ್ಟ ರಬ್ಬರಿನ ವಾಸನೆ ಮರಗಳ ನಡುವೆ ನಿಂತಿತು.

ಹಿಂದಿನಿಂದ ಬಂದ ಯೊವ್ನಾ ಗುಂಡಿಯನ್ನು ನೋಡಿ, “ಬಾವಿ ತೋಡ್ತಿದ್ದೀಯೇನಮ್ಮಾ?” ಎಂದ. ಆಮೇಲೆ ಅವನ ಕಣ್ಣು ಮಲಗಿದ ಹೆಣ್ಣಿನ ಮೇಲೆ ಬಿತ್ತು. ಬಸುರಿ ಸಾರಂಗ ಹಾಗೆ ಬಹಳ ಹೊತ್ತು ಮಲಗಿದರೆ ಕರು ಉಳಿಯುವುದಿಲ್ಲ.

ಗಾರೆನ್ ಇಳಿದಳು. ಸೊಂಟದವರೆಗೆ ಹೂತುಕೊಂಡೇ ಗಾಡಿಯ ಪಕ್ಕೆಯ ಮುಚ್ಚಳ ತೆಗೆದಳು. ಬೆಲ್ಟಿನ ಅಂಚು ಕರಕಾಗಿ ನೂಲು ನೂಲಾಗಿತ್ತು. ಅವಳು ಕೈಗವಸು ತೆಗೆದು ಅದನ್ನು ಮುಟ್ಟಿ ನೋಡಿದಳು. ಆಮೇಲೆ ತಲೆಯೆತ್ತದೆ ಕೇಳಿದಳು.

“ಮಾವ, ಒಳಗೆ ಯಾವ ಚಕ್ರ ಇದೆ?”

ಅಣ್ಣ ತನ್ನ ಗಾಡಿಯ ಮೇಲೇ ಕೂತಿದ್ದ.

“ನಿಮ್ಮನ್ನೇ ಕೇಳ್ತಿರೋದು.”

ಅಣ್ಣ ಕೋಟಿನ ಗುಂಡಿ ಬಿಚ್ಚಿದ. ಎದೆಯೊಳಗಿನಿಂದ ಬಟ್ಟೆಯಲ್ಲಿ ಸುತ್ತಿದ ಚಕ್ರವನ್ನು ತೆಗೆದು ಅಂಗೈ ಮೇಲಿಟ್ಟು ತೋರಿಸಿದ. ಅದು ಹತ್ತೊಂಬತ್ತರ ಚಕ್ರ. ಗಾಡಿಯೊಳಗೆ ಇದ್ದದ್ದು ಇಪ್ಪತ್ತೊಂದರದ್ದು.

“ಆಯ್ತು ಅಂದಿದ್ರಿ,” ಎಂದಳು ಗಾರೆನ್.

“ನಿನಗೂ ಹಾಗಾದ್ರೆ ಅಂತ…” ಅಣ್ಣ ಚಕ್ರವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದ. “ನದಿ ಇದೆ ಅಲ್ವಾ ಮಗಳೇ. ನದಿ ಇದೆ.”

ಅವಳು ತಲೆಯೆತ್ತಿ ಅವನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಬೇಕಿತ್ತು ಎಂದೂ ಅನಿಸಿತು. ಅವಳು ಒಂದೇ ಮಾತು ಹೇಳಿದಳು.

“ಹಾಕಿ.”

ಆ ಕಣಿವೆಯಲ್ಲಿ ಅಣ್ಣ ಬರಿಗೈಯಲ್ಲಿ ಕೆಲಸ ಮಾಡಿದ. ಹಲ್ಲುಚಕ್ರವಿದ್ದ ಚೈನಿನ ಪೆಟ್ಟಿಗೆಯ ಎಣ್ಣೆ ಬಸಿಯಲು ಪಾತ್ರೆ ಬೇಕಿತ್ತು. ನಾನು ಕಾಫಿಯ ಕೆಟಲನ್ನು ಕೊಟ್ಟೆ. “ಇನ್ನು ಸಮುದ್ರ ಕಾಣೋವರೆಗೂ ಕಾಫಿಗೆ ಬೆಣ್ಣೆ ಬೇಡ, ಈ ಎಣ್ಣೇನೇ ಸಾಕು,” ಎಂದ ಯೊವ್ನಾ, ಮೆಲ್ಲಗೆ. ಅವನ ಮಾತಿನಲ್ಲೂ ನಗು ಉಳಿದಿರಲಿಲ್ಲ. ಅವನು ಮಲಗಿದ ಹೆಣ್ಣಿನ ಪಕ್ಕ ಮಂಡಿಯೂರಿ, ಅದರ ಕೆಳಗಿನ ಹಿಮವನ್ನು ಕೈಯಿಂದ ಬಗೆದು, ಬರ್ಚ್ ಟೊಂಗೆಗಳನ್ನು ತುರುಕುತ್ತಿದ್ದ.

ಕಬ್ಬಿಣ ಚರ್ಮವನ್ನು ಹಿಡಿದುಕೊಳ್ಳುವಷ್ಟು ಚಳಿ. ಅಣ್ಣನ ಬೆರಳ ತುದಿಗಳು ಬಿಳಿಚಿಕೊಂಡವು. ಬೋಲ್ಟುಗಳನ್ನು ಬಿಚ್ಚಿ ತನ್ನ ಟೊಪ್ಪಿಗೆಯೊಳಗೆ ಹಾಕಿಕೊಂಡ. ಇಪ್ಪತ್ತೊಂದರ ಚಕ್ರವನ್ನು ತೆಗೆದು ಹಿಂತಿರುಗಿ ನೋಡದೆ ಕೈ ಚಾಚಿದ. ಗಾರೆನ್ ಅದನ್ನು ಇಸಿದುಕೊಂಡಳು. ಎದೆಯ ಬಿಸಿಗೆ ಬೆಚ್ಚಗಿದ್ದ ಹತ್ತೊಂಬತ್ತರದ್ದನ್ನು ಅದರ ಜಾಗಕ್ಕೆ ಕೂರಿಸುವಾಗ ಮಾತ್ರ ಅವನ ಕೈ ತಡೆಯಿತು. ಮಗನ ಗಾಡಿಗೆ ಅದೇ ಚಕ್ರವನ್ನು ಎರಡನೆಯ ಸಲ ಹಾಕುವುದು. ಕಣ್ಣೆದುರಿಗೆ ಸೊಸೆ. ಅವನ ತುಟಿಗಳು ಅಲುಗುತ್ತಿದ್ದವು. ಅಜ್ಜಿಯ ಸಾಲೋ, ಬರಿಯ ಹಲ್ಲುಗಳ ಎಣಿಕೆಯೋ, ನನಗೆ ಕೇಳಿಸಲಿಲ್ಲ.

“ಕೂರಿಸಿ ಮಾವ,” ಎಂದಳು ಗಾರೆನ್. “ಹೆಣ್ಣು ಮಲಗಿದೆ.”

ಕೂರಿಸಿದ. ಚೈನು ಬಿಗಿಸಿದ, ಎಣ್ಣೆ ಹಾಕಿದ, ಹೊಸ ಬೆಲ್ಟು ಏರಿಸಿದ.

ಗಾರೆನ್ ಹತ್ತಿ ಕೂತು ಮೆಲ್ಲನೆ ಬಿಟ್ಟಳು. ಗಾಡಿ ಎಗರಲಿಲ್ಲ. ಆ ಮೂರು ಬೆರಳಿನ ಉಬ್ಬುಗಳು ಒಂದಾದ ಮೇಲೊಂದು ಹಿಮಕ್ಕಿಳಿದು, ರೊಟ್ಟಿಯ ಹಿಟ್ಟನ್ನು ಅಂಗೈ ಒತ್ತಿದ ಹಾಗೆ ಒತ್ತಿ, ಮೇಲೆದ್ದವು. ಹಿಂದೆ ಒಂದು ದಾರಿ ಬಿದ್ದಿತು, ಗಟ್ಟಿಯಾಗಿ, ಅಂಚು ಕುಸಿಯದೆ. ಹೋರಿ ಅದರ ಮೇಲೆ ಮುಂಗಾಲಿಟ್ಟು ನೋಡಿತು, ಹತ್ತಿತು. ಗಂಟೆ ಕೇಳಿಸಿತು. ಮಲಗಿದ್ದ ಹೆಣ್ಣನ್ನು ಯೊವ್ನಾ ಮೆಲ್ಲನೆ ತಳ್ಳಿದ. ಅದು ನಡುಗುತ್ತ ಎದ್ದು, ಮೈ ಕೊಡವಿ, ಸಾಲಿಗೆ ಸೇರಿತು. ಆಮೇಲೆ ಎಲ್ಲವೂ ಬಂದವು. ನೂರಾರು ಗೊರಸುಗಳ ಕೀಲುಗಳು ಚಿಟಿಕೆ ಹಾಕಿದಂತೆ ಚಿಟ್ ಚಿಟ್ ಎನ್ನುತ್ತ ಆ ದಾರಿಯಲ್ಲಿ ಹೋದವು.

ಅಣ್ಣ ಪಕ್ಕದಲ್ಲಿ ನಿಂತು, ಟೊಪ್ಪಿಗೆ ಹಾಕಿಕೊಳ್ಳುವುದನ್ನೂ ಮರೆತು, ಕೊನೆಯ ಸಾರಂಗ ದಾಟುವವರೆಗೆ ನೋಡಿದ. ಅವನು ಅಳುತ್ತಿದ್ದ. ತಾನು ಹಾಕಿದ ಚಕ್ರ ಸರಿಯಾಗಿತ್ತು ಎಂಬುದಕ್ಕೆ ಅವನಿಗೆ ಅದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ. ಆದರೆ ಸಾಕ್ಷಿ ಸಿಕ್ಕಿದ್ದರಿಂದ ಅವನ ಭಾರ ಇಳಿಯಲಿಲ್ಲ. ಅದು ನನಗೆ ಅವನ ಬೆನ್ನಿನಲ್ಲೇ ಕಂಡಿತು.

ಕಣಿವೆಯ ಆಚೆ ಬದಿಯಲ್ಲಿ, ಬಯಲಿನಂಚಿನಲ್ಲಿ ಗುಡಾರ ಹಾಕಿದೆವು. ವಸಂತದ ಬೆಳಕು ಬೇಗ ಹೋಗುವುದಿಲ್ಲ. ಸಂಜೆಯ ಕೆಂಪು ಗುಡಾರದ ಬಟ್ಟೆಯ ಮೂಲಕ ನಮ್ಮ ಕೈಗಳ ಮೇಲೆ ಬಿದ್ದಿತ್ತು. ಯೊವ್ನಾ ಹಿಂಡಿನ ಬಳಿ ಉಳಿದ. ನಾನು ಬರ್ಚ್ ಟೊಂಗೆಯ ಹಾಸನ್ನು ಸರಿಪಡಿಸಿ, ಬೆಂಕಿಯ ಮೇಲೆ ಮಾಂಸದ ಪಾತ್ರೆ ಇಟ್ಟೆ. ಕೆಟಲಿಗೆ ಎಣ್ಣೆ ಹಿಡಿದಿದ್ದರಿಂದ ಕಾಫಿ ಇರಲಿಲ್ಲ. ಗಾರೆನ್ ಒದ್ದೆಯಾದ ಬೂಟುಗಳಿಗೆ ಒಣಹುಲ್ಲು ತುಂಬುತ್ತಿದ್ದಳು. ಇಪ್ಪತ್ತೊಂದರ ಚಕ್ರ ಅವಳ ಮಂಡಿಯ ಪಕ್ಕದಲ್ಲಿತ್ತು.

ಅಣ್ಣ ಟೊಪ್ಪಿಗೆ ತೆಗೆದ. ನಾನು ಸೌಟನ್ನು ಕೆಳಗಿಟ್ಟೆ. ಅವನು ಇಷ್ಟು ವಾರ ಕಾದದ್ದು ಈ ಹೊತ್ತಿಗೆ.

“ಗಾರೆನ್.”

“ಹೇಳಿ ಮಾವ.”

“ನಿನಗೆ ಒಂದು ಹೇಳಿ ಇನ್ನೊಂದು ಮಾಡ್ದೆ. ಸುಳ್ಳು ಹೇಳ್ದೆ. ಹಿಂಡಿಗೂ ನಿನಗೂ ಕಷ್ಟ ಕೊಟ್ಟೆ. ಕ್ಷಮೆ ಇದೆಯಾ?”

ಅವಳು ಬೂಟನ್ನು ಕೆಳಗಿಟ್ಟು ಎದ್ದಳು. ಬೆಂಕಿಯನ್ನು ಸುತ್ತಿ ಬಂದು, ಅವನ ಮುಂದೆ ಮಂಡಿಯೂರಿ, ಕೊರಳನ್ನು ತಬ್ಬಿದಳು. “ಯೇಸುವಿನ ಹೆಸರಲ್ಲಿ ನಿಮ್ಮ ಪಾಪ ಕ್ಷಮಿಸಲ್ಪಟ್ಟಿದೆ ಮಾವ, ನಂಬಿ,” ಎಂದಳು. ಹೇಳಬೇಕಾದ ಹಾಗೆಯೇ ಹೇಳಿದಳು, ಅವಸರವಿಲ್ಲದೆ. ಅಣ್ಣ ಅವಳ ಭುಜದ ಮೇಲೆ ಹಣೆ ಊರಿದ. ಅವಳು ಕೈ ಸಡಿಲಿಸಿ ಏಳಹೊರಟಾಗ ಅವನು ಅವಳ ತೋಳನ್ನು ಹಿಡಿದುಕೊಂಡ.

“ಇನ್ನೊಂದಿದೆ.”

ಅವಳು ಅಲ್ಲೇ ಕೂತಳು. ಅವಳ ಮುಖ ಬದಲಾದದ್ದನ್ನು ನೋಡಿದೆ. ಏನು ಬರಲಿದೆ ಎಂದು ಅವಳಿಗೆ ಗೊತ್ತಿತ್ತು.

“ಆ ಚಕ್ರ ಹಾಕಿದ್ದು ನಾನು. ಚೊಲ್ಮೆಯಲ್ಲಿ ಓಟ ಬೇಕಾಗುತ್ತೆ ಅಂತ ಅವನು ಕೇಳಿದ್ದ. ನನಗೆ ಹೆಣ್ಣುಗಳ ಕಾಲಿನ ಯೋಚನೆ, ಅವನ ಯೋಚನೆ ಬರ್ಲಿಲ್ಲ. ನಿನ್ನ ಗಂಡನ್ನ ನಾನು…” ಅವನು ಉಸಿರೆಳೆದುಕೊಂಡ. “ಅದಕ್ಕೆ ಕ್ಷಮೆ ಇದೆಯಾ ಮಗಳೇ?”

ಬೆಂಕಿಯಲ್ಲಿ ಹಸಿ ಕಟ್ಟಿಗೆ ಸಿಡಿಯಿತು. ಹೊರಗೆ ಗಂಟೆ ಒಮ್ಮೆ ಅಲುಗಿ ನಿಂತಿತು.

“ಇವತ್ತು ಕಣಿವೇಲಿ ನೋಡಿದ್ರಲ್ಲ ಮಾವ,” ಎಂದಳು ಗಾರೆನ್. “ಆ ಪಟ್ಟಿಗೆ ಆ ಚಕ್ರಾನೇ ಸರಿ.”

“ನೋಡ್ದೆ. ಅದಲ್ಲ ನಾನು ಕೇಳಿದ್ದು.”

“ಅವನು ಸುತ್ತಿ ಬರ್ತೀನಿ ಅಂದಿದ್ದ. ನಿಮಗೂ ಅಂದಿದ್ದ, ನನಗೂ ಅಂದಿದ್ದ. ಬೆಳಿಗ್ಗೆ ಬಾಗಿಲಲ್ಲಿ ನಿಂತು ಅಂದ. ಸುತ್ತಿ ಬರ್ಲಿಲ್ಲ. ಅದಕ್ಕೆ ನಾನು ಯಾರನ್ನ ಕೇಳ್ಲಿ, ಹೇಳಿ. ನನ್ನ ಕೊರಳು ಯಾರು ತಬ್ಕೋತಾರೆ?”

ಅಣ್ಣನಿಗೆ ಇದು ಕೇಳಿಸಿತೋ ಇಲ್ಲವೋ. ಅವನ ಬೆರಳುಗಳು, ಚಳಿ ಕಚ್ಚಿ ಊದಿದ್ದವು, ಅವಳ ತೋಳನ್ನು ಬಿಟ್ಟಿರಲಿಲ್ಲ.

“ನೀನು ಹೇಳಿದ್ರೆ ನಂಬ್ತೀನಿ,” ಎಂದ. “ಯೊವ್ನಾ ಹೇಳ್ದ, ಬೋಧಕರು ಹೇಳಿದ್ರು, ಒಳಗೆ ಇಳೀಲಿಲ್ಲ. ನೀನು ಹೇಳಿದ್ರೆ ಇಳಿಯುತ್ತೆ. ಈಗ ಹೇಳಿದ್ಯಲ್ಲ, ಅದೇ ಮಾತು. ಇನ್ನೊಂದು ಸಲ. ಮನಸ್ಸಿಂದ ಬೇಡ, ಬಾಯಿಂದ ಹೇಳು ಸಾಕು. ನನಗೆ ನಿದ್ದೆ ಇಲ್ಲ ಮಗಳೇ.”

“ನಾನು ಹೇಳಿದ್ರೆ, ನೀವು ಅವನನ್ನ ಕೊಂದ್ರಿ ಅಂತ ಒಪ್ಪಿದ ಹಾಗೆ.”

“ಒಪ್ಕೋ. ಒಪ್ಕೊಂಡು ಕ್ಷಮಿಸು.”

ಅವಳು ಅವನ ಬೆರಳುಗಳನ್ನು ಒಂದೊಂದಾಗಿ ತನ್ನ ತೋಳಿನಿಂದ ಬಿಡಿಸಿದಳು. ಬಿಡಿಸಿದ ಕೈಯನ್ನು ಹಾಗೆಯೇ ಬಿಡಲಿಲ್ಲ. ತನ್ನೆರಡು ಕೈಗಳ ನಡುವೆ ಹಿಡಿದು, ಬೆಂಕಿಯ ಕಡೆಗೆ ತಿರುಗಿಸಿ, ಉಜ್ಜತೊಡಗಿದಳು. ಅವಳ ಕಣ್ಣಿನಿಂದ ನೀರು ಇಳಿದು ಗಲ್ಲದ ತುದಿಯಲ್ಲಿ ನಿಂತಿತ್ತು. ಮಾತು ಮಾತ್ರ ನಡುಗಲಿಲ್ಲ.

“ಹೇಳಲ್ಲ ಮಾವ,” ಎಂದಳು. “ಎಷ್ಟು ಸಲ ಕೇಳಿದ್ರೂ ಹೇಳಲ್ಲ.”